ಒಂದು ಹುಕ್ ಬಿಡಿಸುವ ಮೊದಲು

'ಟವರ್ ಇನ್ನೂ ಇಳಿದಿಲ್ಲ' ಎನ್ನುವುದು ನಮ್ಮ ಕೆಲಸದವರ ಮಾತು. ರಾಕೆಟ್ ನಿಲ್ಲಿಸುವ ಕಟ್ಟೆಯ ಪಕ್ಕದಲ್ಲಿ ಒಂದು ಉಕ್ಕಿನ ಟವರ್ ಇರುತ್ತದೆ. ರಾಕೆಟ್ಟಿಗೆ ಹೋಗುವ ಪೈಪು, ಕೇಬಲ್ಲುಗಳೆಲ್ಲ ಅದರ ಮೈಮೇಲೆಯೇ ಹಾದುಹೋಗುತ್ತವೆ. ಅಲ್ಲಿ ಬೋಲ್ಟು ಬಿಗಿಯುವುದು, ಉಪ್ಪುಗಾಳಿಗೆ ತುಕ್ಕು ಹಿಡಿದ ಜಾಗ ಉಜ್ಜಿ ಬಣ್ಣ ಹೊಡೆಯುವುದು, ಪೈಪಿನ ಜೋಡಣೆ ಸಡಿಲವಾಗಿದೆಯೇ ನೋಡುವುದು ನನ್ನ ಕೆಲಸವಾಗಿತ್ತು. ಸಮುದ್ರದ ದಂಡೆಯಾದ್ದರಿಂದ ಗಾಳಿ ಸುಮ್ಮನಿರುವ ದಿನವೇ ಕಡಿಮೆ. ಟವರ್ ಸಣ್ಣಗೆ ತೂಗುತ್ತದೆ. ದಿನವಿಡೀ ಮೇಲಿದ್ದು ಇಳಿದವನಿಗೆ ನೆಲವೂ ತೂಗಿದ ಹಾಗಾಗುತ್ತದೆ. ಚಹಾದ ಅಂಗಡಿಯಲ್ಲಿ ಯಾರಾದರೂ ಕಂಬ ಹಿಡಿದು ನಿಂತರೆ ಉಳಿದವರು ನಗುತ್ತಾರೆ. ಇವನ ಟವರ್ ಇನ್ನೂ ಇಳಿದಿಲ್ಲ, ಮಲಗಿ ಎದ್ದರೆ ಇಳಿಯುತ್ತದೆ ಎನ್ನುತ್ತಾರೆ.

ನನ್ನ ಟವರ್ ತಿಂಗಳುಗಟ್ಟಲೆ ಇಳಿಯಲಿಲ್ಲ. ಬೇರೆ ಯಾವ ಕೆಲಸದಲ್ಲಿದ್ದರೂ ಎರಡನೇ ವಾರಕ್ಕೆ ಡಾಕ್ಟರರ ಹತ್ತಿರ ಹೋಗುತ್ತಿದ್ದೆನೋ ಏನೋ. ನಾನು ನಕ್ಕೆ, ಜೊತೆಯವರೂ ನಕ್ಕರು. ಬಲಗಿವಿಯಲ್ಲಿ ಕುಕ್ಕರಿನ ಹಬೆ ಹೊರಟಂಥ ಸಣ್ಣ ಸದ್ದು ಶುರುವಾದಾಗಲೂ ಅದನ್ನು ಗಾಳಿಯ ಲೆಕ್ಕಕ್ಕೇ ಹಾಕಿದೆ. ಬಲ ಭುಜದ ಮೇಲಿದ್ದ ವಾಕಿಟಾಕಿಯನ್ನು ಯಾವಾಗ ಎಡಕ್ಕೆ ಸಿಕ್ಕಿಸಿಕೊಂಡೆ ಎಂಬುದೂ ನನಗೆ ನೆನಪಿಲ್ಲ.

ನಮ್ಮ ಬೆಲ್ಟಿಗೆ ಎರಡು ಹಗ್ಗ, ಎರಡು ಹುಕ್. ಮೇಲೆ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವಾಗ ಮುಂದಿನ ಕಂಬಿಗೆ ಒಂದು ಹುಕ್ ಹಾಕಿ, ಎಳೆದು ನೋಡಿ, 'ಲಾಕ್' ಎಂದು ಬಾಯಿಬಿಟ್ಟು ಹೇಳಬೇಕು. ಜೊತೆಗಾರ ಕೇಳಿಸಿಕೊಂಡು ತಾನೂ 'ಲಾಕ್' ಎನ್ನಬೇಕು. ಆಮೇಲೆಯೇ ಹಿಂದಿನ ಹುಕ್ ಬಿಡಿಸುವುದು. ಎರಡೂ ಹುಕ್ ಬಿಟ್ಟು ಒಂದು ಕ್ಷಣವೂ ಇರುವ ಹಾಗಿಲ್ಲ. ನನ್ನ ಜೊತೆಗಾರ ರಮಣಯ್ಯ ಆ ದಂಡೆಯ ಊರಿನವನೇ, ನನಗಿಂತ ಹಿರಿಯ. ನಾವಿಬ್ಬರೂ ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದೆವು. ಆದರೆ ಮೇಲೆ ಹೋದಮೇಲೆ ನಮ್ಮ ನಡುವೆ ಇದ್ದದ್ದು ಹೆಚ್ಚಾಗಿ ಈ ಒಂದೇ ಮಾತು.

ಆ ದಿನ ಟವರಿನ ಹೊರಮೈಯಲ್ಲಿದ್ದೆವು. ಕಾಲ ಕೆಳಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ಬರೀ ಗಾಳಿ. ನಾನು ಮುಂದಿನ ಕಂಬಿಯತ್ತ ತಿರುಗಿದೆ. ತಲೆ ತಿರುಗಿ ನಿಂತಿತು, ಸಮುದ್ರ ಮಾತ್ರ ನಿಲ್ಲಲಿಲ್ಲ. ಅದು ಬಲದಿಂದ ಎದ್ದು ನನ್ನ ತಲೆಯ ಮೇಲೆ ಹೊರಳುತ್ತಲೇ ಇತ್ತು. ಕೈಯಲ್ಲೊಂದು ಹುಕ್ ಇತ್ತು. ಅದು ಹಾಕಬೇಕಾದ ಹುಕ್ಕೋ, ಈಗಷ್ಟೇ ಬಿಡಿಸಿದ್ದೋ ತಿಳಿಯಲಿಲ್ಲ. ಇನ್ನೊಂದು ಎಲ್ಲಿದೆ ಎಂದು ನೋಡಲು ಕತ್ತು ಹೊರಳಿಸಿದರೆ ಬೀಳುತ್ತೇನೆ ಅನಿಸಿತು. ರಮಣಯ್ಯ ನನ್ನ ಬಲಕ್ಕೇ ಇದ್ದ. ಅವನು ಕೂಗುತ್ತಿದ್ದನಂತೆ. ನನಗೆ ಕೇಳಿಸಿದ್ದು ಹಬೆಯ ಸದ್ದು ಮಾತ್ರ.

ಅವನು ಹತ್ತಿರ ಬಂದು ತನ್ನ ಒಂದು ಹುಕ್ಕನ್ನು ನನ್ನ ಬೆಲ್ಟಿಗೆ ಹಾಕಿದ. ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ತುಟಿಯಾಡಿಸಿದ. ಲಾಕ್. ನಾನು ತುಟಿ ನೋಡಿ ತಿಳಿದುಕೊಂಡೆ. ಹಾಗೆಯೇ ಒಬ್ಬರಿಗೊಬ್ಬರು ಬಿಗಿದುಕೊಂಡು ಕೆಳಗಿಳಿದೆವು. ಕೆಳಗೆ ಬಂದಮೇಲೆ ಅವನು ನನ್ನ ಬಲಗಿವಿಯ ಹತ್ತಿರ ಚಿಟಿಕೆ ಹೊಡೆದ. ಎಡಗಿವಿಯ ಹತ್ತಿರ ಹೊಡೆದ. ಆಮೇಲೆ, ಇದು ಟವರ್ ಅಲ್ಲ, ಊರಿಗೆ ಹೋಗು ಎಂದ.

ಊರು ಎಂದರೆ ನನಗೆ ಅಕ್ಕ. ನಾವು ಹುಟ್ಟಿದ್ದು ನಿಡೋಣಿಯಲ್ಲಿ. ಅವ್ವ ಅಪ್ಪ ಹೋದಮೇಲೆ ನನಗೆ ಐಟಿಐ ಓದಿಸಿದವಳು ಅಕ್ಕ ಕಸ್ತೂರಿ. ಅವಳನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಅಕ್ಕನ ಗಂಡ ಶಿವಪ್ಪ ಮಾಮಾನಿಗೆ ಊರ ಹೊರಗೆ ದ್ರಾಕ್ಷಿ ಒಣಗಿಸುವ ಶೆಡ್ ಇದೆ. ಕಬ್ಬಿಣದ ಆಂಗಲ್ ಕಂಬಗಳ ಮೇಲೆ ಅಂತಸ್ತು ಅಂತಸ್ತಾಗಿ ಜಾಳಿಗೆ ಬಿಗಿದು, ಅದರ ಮೇಲೆ ಹಸಿ ದ್ರಾಕ್ಷಿ ಹರವಿ ಒಣಗಿಸುತ್ತಾರೆ. ಬಸ್ಸಿಳಿದು ನಾನು ಗೋಡೆ ಹಿಡಿದು ನಡೆದು ಬರುವುದನ್ನು ಅಕ್ಕ ದೂರದಿಂದಲೇ ನೋಡಿದಳು.

"ಯಾಕೋ ಹಿಂಗ ಗ್ವಾಡಿ ಹಿಡಕೊಂಡ ಬರಾಕತ್ತಿ? ಕುಡದಿಯೇನ?"

"ಇಲ್ಲ ಯಕ್ಕಾ."

"ಕುಡದಿದ್ರ ಚಲೋ ಇತ್ತು. ಇಳೀತಿತ್ತು," ಎಂದಳು. ಮರುದಿನವೇ ವಿಜಯಪುರಕ್ಕೆ ಕರೆದುಕೊಂಡು ಹೋದಳು.

ದೊಡ್ಡ ಆಸ್ಪತ್ರೆಯ ನರರೋಗ ವಿಭಾಗದ ಮುಂದೆ ಉದ್ದನೆಯ ಬೆಂಚುಗಳು. ಕೂತವರೆಲ್ಲ ಒಂದೇ ಬಾಗಿಲನ್ನು ನೋಡುತ್ತಿದ್ದರು. ನನ್ನ ಪಕ್ಕ ತಲೆಗೆ ಪಟ್ಟಿ ಕಟ್ಟಿದ ಬಬಲೇಶ್ವರದ ಅಜ್ಜನೊಬ್ಬ ಕೂತಿದ್ದ. ಏನು ಕೆಲಸ ಎಂದು ಅವನು ಕೇಳಿದ್ದು ನನ್ನ ಬಲಗಿವಿಗಾದ್ದರಿಂದ ಅಕ್ಕನೇ ಉತ್ತರ ಕೊಟ್ಟಳು.

"ರಾಕೆಟ್ ಬಿಡತಾರಲ್ರಿ ಯಜ್ಜಾ, ಅಲ್ಲೆ ಅದಾನ್ರಿ."

"ಅಂದ್ರ ಇವನ ಬಿಡತಾನೇನ್ಬೇ?"

ನಾನು ತಿರುಗಿ ಕೂತು, "ಇಲ್ರಿ, ನಾ ನಟ್ ಬಿಗೀತೇನ್ರಿ," ಎಂದೆ.

"ಊರ ನಟ್ ಬಿಗಿಯಾವ, ನಿಂದ ಸಡ್ಲ ಮಾಡಕೊಂಡ ಬಂದಿ ನೋಡು," ಎಂದು ಅಜ್ಜ ಜೋರಾಗಿ ನಕ್ಕ. ಬೆಂಚಿನವರೆಲ್ಲ ನಕ್ಕರು. "ಅಂಜಬ್ಯಾಡೋ ತಮ್ಮಾ. ನಂದು ಎರಡ ಸಲ ತಗದಾರ. ಇನ್ನೂ ಮಾತಾಡಾಕತ್ತೇನಿ."

ಎಷ್ಟೋ ದಿನಗಳ ನಂತರ ನಾನೂ ನಕ್ಕಿದ್ದೆ. ಅವನ ಹೆಸರು ಕೇಳಲಿಲ್ಲ. ಆಮೇಲೆ ಎಂದೂ ಅವನನ್ನು ನೋಡಲೂ ಇಲ್ಲ.

ಸ್ಕ್ಯಾನಿಂಗಿಗೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಲು ಹೇಳಿದರು. ಉಡದಾರದ ಬೆಳ್ಳಿಯ ಗುಂಡನ್ನೂ ಬಿಚ್ಚಿ ಅಕ್ಕನ ಕೈಗೆ ಕೊಟ್ಟೆ. ಕೊಳವೆಯೊಳಗೆ ಸರಿಯುವಾಗ ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಬೆಲ್ಟ್ ಹುಡುಕಿತು. ಅಲುಗಾಡಬೇಡಿ ಎಂದು ಯಾರೋ ಹೇಳಿದರು. ಯಂತ್ರ ಬಡಿಯತೊಡಗಿತು. ಆ ಬಡಿತ ಎಡಗಿವಿಗೆ ಮಾತ್ರ ಕೇಳಿಸುತ್ತಿತ್ತು. ಹೊರಗೆ ಬರುವ ಮೊದಲೇ ನನಗೆ ಗೊತ್ತಾಗಿತ್ತು ಎನ್ನಬೇಕು. ಏನು ಎಂಬುದಷ್ಟೇ ಗೊತ್ತಿರಲಿಲ್ಲ.

ಡಾಕ್ಟರರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. "ಕಿವಿಯಿಂದ ಮೆದುಳಿಗೆ ಹೋಗೂ ನರದ ಮ್ಯಾಲ ಗಡ್ಡಿ ಐತಿ. ಕ್ಯಾನ್ಸರ್ ಅಲ್ಲ, ಅದೊಂದು ಚಲೋ. ಒಂದು ದ್ರಾಕ್ಷಿಯಷ್ಟ ಐತಿ ನೋಡ್ರಿ."

ಅಕ್ಕ ಮುಂದೆ ಬಾಗಿದಳು. "ಒಣ ದ್ರಾಕ್ಷಿನೋ ಹಸಿ ದ್ರಾಕ್ಷಿನೋ ಸಾಹೇಬ್ರ?"

ಅವರು ತಲೆಯೆತ್ತಿ ನೋಡಿದರು. "ಯಾವೂರ್ರಿ ನಿಮ್ದು?"

"ತಿಕೋಟಾರಿ."

ಅವರ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. "ಹಸೀದ್ರಿ ಅಕ್ಕಾರ. ಅದೂ ದಪ್ಪಂದು."

ಗಡ್ಡೆ ತೆಗೆಯಲೇಬೇಕು, ಬಿಟ್ಟರೆ ಮೆದುಳನ್ನು ಒತ್ತುತ್ತದೆ ಎಂದು ಡಾಕ್ಟರರು ವಿವರಿಸಿದರು. ಬಲಗಿವಿ ಪೂರ್ತಿ ಹೋಗುತ್ತದೆ. ಮುಖದ ನರ ಅದಕ್ಕೇ ಅಂಟಿಕೊಂಡಿದೆ, ಉಳಿಸಲು ನೋಡುತ್ತೇವೆ. ಮೈಯ ಸಮತೋಲ ಹಿಡಿಯುವ ನರ ಒಂದು ಕಡೆ ಹೋಗುತ್ತದೆ, ಇನ್ನೊಂದು ಕಡೆಯದು ನಿಧಾನವಾಗಿ ಕಲಿತುಕೊಳ್ಳಬೇಕು.

"ಮತ್ತ ಮ್ಯಾಲ ಏರಾಕ ಬರತೈತೇನ್ರಿ?" ಎಂದು ಕೇಳಿದೆ.

"ಮೊದ್ಲ ನೆಲದ ಮ್ಯಾಲ ನಡಿಯೂದು ನೋಡೂಣಂತ," ಎಂದರು.

ವಾಪಸು ಬಸ್ಸು ಹಿಡಿದೆವು. ಕಿಟಕಿಯ ಹೊರಗೆ ತಿಕೋಟಾದ ದ್ರಾಕ್ಷಿ ತೋಟಗಳು ಶುರುವಾದವು. ಅಕ್ಕ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಬಿಸಿಲು ನನ್ನ ಕಡೆಯ ಕಿಟಕಿಗಿತ್ತು.

ಆಪರೇಷನ್ನಿನ ದಿನದ ಬಗ್ಗೆ ನಾನು ಹೇಳಬಹುದಾದದ್ದು ಕಡಿಮೆ. ಹಿಂದಿನ ಸಂಜೆ ಕಿವಿಯ ಹಿಂದೆ ಕೂದಲು ತೆಗೆದರು. ಅಕ್ಕ ವಿಭೂತಿ ಹಚ್ಚಲು ಬಂದಳು. ನರ್ಸ್ ಬೇಡವೆಂದಾಗ ಅದನ್ನು ನನ್ನ ಅಂಗಾಲಿಗೆ ಹಚ್ಚಿ ಹೊದಿಕೆ ಎಳೆದಳು. ತಳ್ಳುಗಾಡಿಯ ಮೇಲೆ ಒಳಗೆ ಹೋಗುವಾಗ ನಾನು ಅವಳ ಕೈ ಹಿಡಿದಿದ್ದೆ. ಒಳಗಿನವರು ಬಂದು ಗಾಡಿ ಹಿಡಿದರೂ ನಾನು ಬಿಡಲಿಲ್ಲವಂತೆ. ಬೆರಳು ಬಿಡಿಸಬೇಕಾಯಿತು. ಅಷ್ಟು ಹೊತ್ತೂ ಅವಳು ಕೂರಲೇ ಇಲ್ಲ ಎಂದು ಮಾಮಾ ಆಮೇಲೆ ಹೇಳಿದ. ಹೊರಗೆ ಬಂದವರನ್ನೆಲ್ಲ, ಕಸ ಒಯ್ಯುವವಳನ್ನೂ ಬಿಡದೆ, "ಆತೇನ್ಬೇ?" ಎಂದು ಕೇಳುತ್ತಿದ್ದಳಂತೆ. ಕಸ ಒಯ್ಯುವಾಕೆ ಎರಡನೇ ಸಲ ಒಳಗೆ ಹೋಗಿ ಬಂದು, "ಇನ್ನೂ ಇಲ್ಲ. ಆದ್ರ ಒಳಗ ಯಾರೂ ಗಡಿಬಿಡಿ ಮಾಡಾಕತ್ತಿಲ್ಲ. ಶಾಂತ ಅದಾರ," ಎಂದಳಂತೆ. ಅದನ್ನು ಕೇಳಿಯೇ ಅಕ್ಕ ಒಂದು ಗುಟುಕು ನೀರು ಕುಡಿದದ್ದು.

ಕಣ್ಣು ಬಿಟ್ಟಾಗ ಜಗತ್ತು ತಿರುಗುತ್ತಿತ್ತು. ಕಣ್ಣು ಮುಚ್ಚಿದರೂ ನಿಲ್ಲಲಿಲ್ಲ. ಬಲಗಣ್ಣು ಮುಚ್ಚುತ್ತಲೂ ಇರಲಿಲ್ಲ, ಅದಕ್ಕೆ ಪಟ್ಟಿ ಅಂಟಿಸಿದ್ದರು. ನೀರು ಕುಡಿದರೆ ಬಾಯಿಯ ಒಂದು ಕಡೆಯಿಂದ ಇಳಿದು ದಿಂಬು ತೊಯ್ಯುತ್ತಿತ್ತು. ಮೊದಲ ದಿನಗಳಲ್ಲಿ ಯಾರಾದರೂ ಬಂದು ಮುಟ್ಟಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ, ಏಕೆಂದರೆ ಅವರು ಬಂದದ್ದು ಕೇಳುತ್ತಿರಲಿಲ್ಲ. ವಾರ್ಡಿನ ಹಿರಿಯ ನರ್ಸ್ ಇದನ್ನು ಗಮನಿಸಿ ಮಂಚವನ್ನೇ ತಿರುಗಿಸಿ ಹಾಕಿಸಿದರು. ಸತ್ತ ಕಿವಿ ಗೋಡೆಗೆ, ಬದುಕಿದ್ದು ಬಾಗಿಲಿಗೆ. ಅಂದಿನಿಂದ ನಿದ್ದೆ ಬಂತು.

ಒಂದು ಬೆಳಿಗ್ಗೆ ಕನ್ನಡಿ ಕೇಳಿದೆ. ಅಕ್ಕ ಕೊಡಲಿಲ್ಲ.

"ಸೊಟ್ಟ ಆಗೇತೇನ ಯಕ್ಕಾ?"

"ಒಂಚೂರು ಆಗೇತಿ. ಸರಿ ಆಗ್ತೈತಿ ಅಂದಾರ."

"ಇನ್ನ ಹೆಣ್ಣ ಕೊಡೂದಿಲ್ಲ ಯಾರೂ."

"ಮೊದಲೇನ ಸುರೂಪ ಇದ್ದಿ ಅಂತ ಸಾಲು ಹಚ್ಚಿ ನಿಂತಿದ್ರು?" ಎಂದಳು. ನಗಲು ಹೋದೆ, ಅರ್ಧ ಮುಖವೇ ನಕ್ಕಿತು. ಅದನ್ನು ನೋಡಿ ಅವಳು ಕಣ್ಣಿನ ಔಷಧ ತರುತ್ತೇನೆಂದು ಹೊರಗೆ ಹೋದಳು. ಔಷಧ ಮಂಚದ ಪಕ್ಕದಲ್ಲೇ ಇತ್ತು.

ತಿಕೋಟಾಕ್ಕೆ ಬಂದಾಗ ಕಟಾವು ನಡೆದಿತ್ತು. ಶೆಡ್ಡಿನಲ್ಲಿ ಜಾಳಿಗೆಗಳ ಮೇಲೆ ದ್ರಾಕ್ಷಿ ಹರವುತ್ತಿದ್ದರು. ನಾನು ಮನೆಯ ನಡುವಿನ ಕಂಬ ಬಿಟ್ಟು ಆಚೆ ಕಾಲಿಡಲಾರದವನಾಗಿದ್ದೆ. ನಡೆದಷ್ಟೂ ಒಳ್ಳೆಯದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಎದ್ದರೆ ನೆಲ ಬಲಕ್ಕೆ ವಾಲುತ್ತಿತ್ತು. ಎದ್ದು, ವಾಲಿ, ಕೂತುಬಿಡುತ್ತಿದ್ದೆ. ದಿನಗಳು ಹೀಗೇ ಹೋದವು.

"ಅಲ್ಲೆ ಮ್ಯಾಲ ಬೀಳದಂಗ ಹೆಂಗ ಇರತಿದ್ದಿ?" ಎಂದು ಅಕ್ಕ ಒಂದು ಮಧ್ಯಾಹ್ನ ಕೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಕೇಳಿದರೆ ಹೆದರಿಕೆಯಾಗುತ್ತದೆ ಎಂದು ಕೇಳುತ್ತಿರಲಿಲ್ಲ. ನಾನು ಎರಡು ಹುಕ್ಕಿನ ವಿಷಯ ಹೇಳಿದೆ, 'ಲಾಕ್' ಎನ್ನುವುದನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, ನನ್ನ ರಟ್ಟೆ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದಳು. ಎರಡೂ ಕಡೆ ಆಂಗಲ್ಲು, ನಡುವೆ ಒಬ್ಬರು ಹಾಯುವಷ್ಟು ದಾರಿ.

"ಇಲ್ಲೂ ಹಂಗ ಮಾಡು. ಮುಂದಿನ ಆಂಗಲ್ ಹಿಡಿ. ಹಿಡದೆ ಅಂತ ಬಾಯಿಲೆ ಹೇಳು. ನಾ ಹೂಂ ಅಂದಮ್ಯಾಲ ಹಿಂದಿನ ಕೈ ಬಿಡು."

"ನೀನೂ ಲಾಕ್ ಅನಬೇಕು ಯಕ್ಕಾ. ಹೂಂ ಅನ್ನಂಗಿಲ್ಲ."

"ಆತೋ ಮಾರಾಯಾ. ಲಾಕ್."

ಹೀಗೆ ನಾನು ನಡೆಯಲು ಕಲಿತೆ. ಹಿಡಿದೆ, ಹೇಳಿದೆ, ಅವಳು ಹೇಳಿದಳು, ಬಿಟ್ಟೆ. ಅವಳಿಗೆ ಕೆಲಸವಿದ್ದಾಗ ಮಾಮಾ ನಿಲ್ಲುತ್ತಿದ್ದ. ಕಡಿಮೆ ಮಾತಿನ ಮನುಷ್ಯ, 'ಲಾಕ್' ಎನ್ನಲೂ ನಾಚಿಕೊಳ್ಳುತ್ತಿದ್ದ. ದ್ರಾಕ್ಷಿ ಹರವುವ ಹೆಣ್ಣುಮಕ್ಕಳು ನನ್ನನ್ನು ಕಂಡರೆ, "ದಾರಿ ಬಿಡ್ರಬೇ, ಲಾಕ್ ಅಣ್ಣಾ ಬಂದ," ಎಂದು ನಗುತ್ತಿದ್ದರು. ಅಕ್ಕ ಬೇರೆ ಎಲ್ಲವನ್ನೂ ಎಂದಿನಂತೆ ಮಾಡುತ್ತಿದ್ದಳು. ಆ ವರ್ಷ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕಲಿಲ್ಲ, ಅಷ್ಟೆ. ಮಾಲು ಒಣಗಿದೆಯೋ ಇಲ್ಲವೋ ಎಂಬುದನ್ನು ಬೆರಳಲ್ಲಿ ಒತ್ತಿಯೇ ಹೇಳಿದಳು.

ಸುಗ್ಗಿ ಮುಗಿದು ಶೆಡ್ ಖಾಲಿಯಾಗುವ ಹೊತ್ತಿಗೆ ನಾನು ಕೈಬಿಟ್ಟು ನಡೆಯುತ್ತಿದ್ದೆ. ಮುಖವೂ ಬಹುಪಾಲು ನೆಟ್ಟಗಾಗಿತ್ತು. ನಡೆದರೆ ಸಾಕು ಎಂದಿದ್ದವನಿಗೆ ಈಗ ಏರುವ ಆಸೆ ಬಂತು. ಟವರಿನ ಮೇಲೆ ಬೆಳಿಗ್ಗೆ ಏನು ಕಾಣುತ್ತದೆ ಎಂಬುದನ್ನು ಅಲ್ಲಿ ಹೋಗದವರಿಗೆ ಹೇಳಲು ನನಗೆ ಬರುವುದಿಲ್ಲ. ಅದನ್ನು ಬಿಟ್ಟರೆ ನಾನು ಯಾರು ಎಂಬುದೂ ಗೊತ್ತಿರಲಿಲ್ಲ. ಅಕ್ಕನಿಗೆ ಇದು ತಿಳಿದಿತ್ತು.

"ನಿನಗ ನಡಿಯಾಕ ಕಲಿಸೇನಿ, ಏರಾಕಲ್ಲ," ಎಂದು ಒಮ್ಮೆ ಬಟ್ಟೆ ಹಿಂಡುತ್ತ ಹೇಳಿದಳು.

ಅವಳು ಬಬಲೇಶ್ವರದ ಸಂತೆಗೆ ಹೋದ ದಿನ ನಾನು ಶೆಡ್ಡಿನ ನಿಚ್ಚಣಿಕೆ ಹತ್ತಿದೆ. ಮೇಲಿನ ಜಾಳಿಗೆ ಬಿಗಿಯಲು ಇಟ್ಟ ಕಬ್ಬಿಣದ ನಿಚ್ಚಣಿಕೆ ಅದು. ಟವರಿನ ಲೆಕ್ಕದಲ್ಲಿ ಅದೊಂದು ಎತ್ತರವೇ ಅಲ್ಲ. ಹಿಡಿದೆ, ಲಾಕ್ ಎಂದು ನನಗೆ ನಾನೇ ಹೇಳಿಕೊಂಡೆ, ಬಿಟ್ಟೆ. ಮೇಲಿನವರೆಗೂ ಹೋದೆ. ತಗಡು ತಲೆಗೆ ತಾಗುವಷ್ಟು ಹತ್ತಿರವಿತ್ತು, ಅದರ ಕೆಳಗೆ ಕತ್ತಲಿತ್ತು. ಸಂತೋಷದಿಂದ ತಲೆ ತಿರುಗಿಸಿ ಕೆಳಗೆ ನೋಡಿದೆ.

ಶೆಡ್ ಮಗುಚಿಕೊಂಡಿತು. ಎರಡೂ ಕೈಯಲ್ಲಿ ಕಬ್ಬಿಣವಿತ್ತು, ಆದರೆ ಮೇಲೆ ಯಾವುದು ಕೆಳಗೆ ಯಾವುದು ಎಂದು ಗೊತ್ತಿರಲಿಲ್ಲ. ಕಾಲು ಕೆಳಗಿಡೋಣವೆಂದರೆ ಕೆಳಗು ಎಲ್ಲಿದೆ? ಕೂಗಿದೆನೋ ಇಲ್ಲವೋ ತಿಳಿಯದು. ಅಂಗೈ ಬೆವರಿ ಜಾರತೊಡಗಿತು. ಟವರಿನ ಮೇಲೆ ರಮಣಯ್ಯನಿದ್ದ, ಬೆಲ್ಟಿತ್ತು. ಇಲ್ಲಿ ಏನೂ ಇರಲಿಲ್ಲ.

"ಮಲ್ಲೂ."

ಅಕ್ಕ ಜೀಪಿನಿಂದ ಇಳಿದು ನೇರವಾಗಿ ಶೆಡ್ಡಿಗೆ ಬಂದಿದ್ದಳು. ಕೂಗಾಡಲಿಲ್ಲ. "ಲಾಕ್ ಐತೇನ?" ಎಂದು ಕೇಳಿದಳು.

ನನಗೆ ಹೇಳಲಾಗಲಿಲ್ಲ.

ಅಕ್ಕ ಎತ್ತರಕ್ಕೆ ಹೆದರುವವಳು. ಮಾಳಿಗೆಯ ಮೇಲೆ ಹಪ್ಪಳ ಒಣಹಾಕಲೂ ಬೇರೆಯವರನ್ನು ಕಳಿಸುತ್ತಿದ್ದಳು. ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ನಿಚ್ಚಣಿಕೆ ಹತ್ತಿದ್ದು ನನಗೆ ಕಾಣಲಿಲ್ಲ. ನನ್ನ ಹಿಮ್ಮಡಿಯನ್ನು ಒಂದು ಕೈ ಹಿಡಿಯಿತು. ಅದು ನನ್ನ ಪಾದವನ್ನು ಎಳೆದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟಿತು.

"ಲಾಕ್," ಎಂದಳು. "ಕೈ ಇಳಿಸು. ಹೂಂ. ಲಾಕ್."

ಹಾಗೆ ಒಂದೊಂದೇ ಮೆಟ್ಟಿಲು ಇಳಿದು ನೆಲಕ್ಕೆ ಬಂದೆವು. ನಿಂತಮೇಲೆ ಅವಳು ನನ್ನ ಎಡಗೆನ್ನೆಗೆ ಹೊಡೆದಳು. ಆಪರೇಷನ್ ಆದ ಕಡೆಯದನ್ನು ಬಿಟ್ಟು. ಆಮೇಲೆ ಅಲ್ಲಿಯೇ ಸಂತೆಯ ಚೀಲದ ಪಕ್ಕ ಕೂತು ಅತ್ತಳು. ಬಹಳ ಹೊತ್ತಾದಮೇಲೆ, "ಇನ್ನ ಇಳದಿ ಅಂತ ತಿಳಕೋ ತಮ್ಮಾ," ಎಂದಳು.

ಟವರ್ ಇಳಿಯುವ ನಮ್ಮ ಮಾತನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಆದರೂ ಅವತ್ತೇ ಅದು ಇಳಿಯಿತು.

ಮತ್ತೆ ಕೆಲಸಕ್ಕೆ ಹೋದೆ. ಏರುವವರ ಬೆಲ್ಟು, ಹಗ್ಗ, ಹುಕ್ ಪರೀಕ್ಷಿಸಿ ಕೊಡುವ ಕೆಲಸವನ್ನು ಕೆಳಗೇ ಕೊಟ್ಟರು. ರಮಣಯ್ಯ ಏರುವ ಮೊದಲು ಈಗಲೂ ನನ್ನ ಎಡಕ್ಕೆ ಬಂದು ನಿಲ್ಲುತ್ತಾನೆ. ಕತ್ತಲಲ್ಲಿ, ಮೆತ್ತನೆಯ ಮಣ್ಣಿನಲ್ಲಿ ನನಗೆ ಇಂದಿಗೂ ತೋಲ ಸಿಗುವುದಿಲ್ಲ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ಒಂದು ಮೊಣಕೈ ಗೋಡೆಗೆ ಇರಲೇಬೇಕು. ಇದೇ ಕಾಯಿಲೆಯಿಂದ ಎದ್ದವರು ಯಾರಾದರೂ ಓದುತ್ತಿದ್ದರೆ, ಮೊಣಕೈ ಕೊಡಲು ನಾಚಿಕೊಳ್ಳಬೇಡಿ ಎನ್ನುತ್ತೇನೆ.

ಈ ವರ್ಷ ಕಟಾವಿನ ದಿನಗಳಲ್ಲಿ ಮಾಮಾನ ಫೋನ್ ಬಂತು. ಅಕ್ಕ ಎದೆ ಹಿಡಿಯಿತು ಎಂದಳಂತೆ. ಜೀಪು ವಿಜಯಪುರ ಮುಟ್ಟುವವರೆಗೆ ಅವಳು ಉಳಿಯಲಿಲ್ಲ. ನಾನು ಬರುವವರೆಗೆ ಅವಳನ್ನು ಕೂರಿಸಿ ಇಟ್ಟಿದ್ದರು.

ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ತವರಿನ ಸೀರೆ ನಾನೇ ತಂದಿದ್ದೆ. ದೇಹವನ್ನು ಕುಣಿಯೊಳಗೆ ಇಳಿಸಿದ ಮೇಲೆ, ಸುತ್ತ ವಿಭೂತಿ, ಪತ್ರಿ, ಮಣ್ಣು ತುಂಬಿ ಅದು ತಾನಾಗಿ ನಿಲ್ಲುವವರೆಗೆ ಒಬ್ಬರು ಒಳಗೆ ನಿಂತು ಬೆನ್ನಿಗೆ ಕೈ ಕೊಟ್ಟು ಹಿಡಿದಿರಬೇಕು. ನಮ್ಮ ಮನೆತನದಲ್ಲಿ ಅದು ತವರಿನವರ ಕೆಲಸ.

"ನೀ ಬ್ಯಾಡೋ ಮಲ್ಲೂ, ಬಿದ್ದಗಿದ್ದಿ," ಎಂದು ಹಿರಿಯರೊಬ್ಬರು ತಡೆದರು.

ನಾನು ಇಳಿದೆ. ಮೇಲೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಇಳಿದ ಕೂಡಲೇ ಏನೂ ಕಾಣಲಿಲ್ಲ. ಹಸಿ ಮಣ್ಣಿನಲ್ಲಿ ಕಾಲುಗಳು ಹೂತುಹೋದವು. ಕುಣಿ ಬಲಕ್ಕೆ ವಾಲಿತು. ಒಂದು ಕೈಯನ್ನು ಮಣ್ಣಿನ ಗೋಡೆಗೆ ಒತ್ತಿ ಹಿಡಿದೆ. ಅಕ್ಕನನ್ನು ಇಳಿಸಿದರು. ಇನ್ನೊಂದು ಕೈಯನ್ನು ಅವಳ ಬೆನ್ನಿಗೆ ಕೊಟ್ಟೆ. ಮಂತ್ರ ಹೇಳುವ ಅಯ್ಯನವರು ಏನು ಹೇಳಿದರೋ ಕೇಳಿಸಲಿಲ್ಲ, ಅವರು ನನ್ನ ಬಲಕ್ಕಿದ್ದರು. ಪತ್ರಿ ಬಿತ್ತು, ವಿಭೂತಿ ಬಿತ್ತು, ಮಣ್ಣು ಬಿತ್ತು. ಅವಳ ಭಾರ ನನ್ನ ಕೈಯಿಂದ ಕಡಿಮೆಯಾಗುತ್ತ ಬಂತು.

"ಸಾಕು, ಮ್ಯಾಲ ಬಾ," ಎಂದು ಎಲ್ಲರೂ ಹೇಳತೊಡಗಿದರು. ಮೇಲೆ ಬರಬೇಕಾದರೆ ಒಂದು ಕೈ ಮೇಲಕ್ಕೆ ಚಾಚಬೇಕು. ಗೋಡೆಯ ಕೈ ತೆಗೆದರೆ ಬೀಳುತ್ತೇನೆ. ಇನ್ನೊಂದು ಅಕ್ಕನ ಬೆನ್ನಿಗಿತ್ತು. ನಾನು ಹಾಗೆಯೇ ನಿಂತೆ. ಮೇಲಿನವರು ಮಣ್ಣು ಎಳೆಯುವುದನ್ನು ನಿಲ್ಲಿಸಿದರು.

ಎಡಗಡೆಯಿಂದ ಒಂದು ಕೈ ಇಳಿದು ಬಂತು. ಮಾಮಾ ಕುಣಿಯ ಅಂಚಿಗೆ ಬೋರಲು ಮಲಗಿ, ಗೋಡೆಗೆ ಒತ್ತಿದ್ದ ನನ್ನ ಮುಂಗೈಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. ಎಳೆದು ನೋಡಿದ.

"ಲಾಕ್," ಎಂದ. "ಬಿಡೋ ತಮ್ಮಾ."

"ಲಾಕ್," ಎಂದೆ ನಾನು. ಆಮೇಲೆ ಅಕ್ಕನ ಬೆನ್ನಿನ ಕೈ ಬಿಟ್ಟೆ.